ಹಿಪ್ಪುನೇರಳೆಯಿಂದ ಈಶ್ವರಿ ಬಳ್ಳಿಯವರೆಗೆ

ಬಸವನಗುಡಿಯನ್ನು ಹಿಂದಿಕ್ಕಿ ಬನಶಂಕರಿಯ ಕಡೆಗೆ ಸಾಗುವ ಕೃಷ್ಣರಾಜೇಂದ್ರ ರಸ್ತೆಯಲ್ಲಿ ‘ಟಾಟಾ ಸಿಲ್ಕ್ ಫಾರ್ಮ್’ ಎಂದು ಕಂಡಕ್ಟರರು ಕೂಗುವ ಬಸ್ ನಿಲ್ದಾಣವೊಂದುಂಟು. ಅಲ್ಲಿ ಇಳಿದವರಿಗೆ ಟಾಟಾ ಅವರ ಗುರುತಾಗಲಿ ರೇಷ್ಮೆಯ ಎಳೆಯಾಗಲಿ ಕಾಣದು. ಒತ್ತಾಗಿ ನಿಂತ ಮನೆಗಳು, ಅಂಗಡಿಗಳು, ಎಡೆಬಿಡದ ವಾಹನಗಳು, ಇಷ್ಟೇ. ಆದರೂ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಮನುಷ್ಯನು ಹುಳುವೊಂದನ್ನು ಹತ್ತಿರದಿಂದ, ಹಗಲಿರುಳೂ, ಶಾಸ್ತ್ರೀಯವಾದ ಎಚ್ಚರದಿಂದ ಅವಲೋಕಿಸಿದ ಚರಿತ್ರೆಯನ್ನು ಬರೆಯಹೊರಟವನು ಆರಂಭಿಸಬೇಕಾದ ಸ್ಥಳ ಇದೇ ಎಂದು ನನ್ನ ಭಾವನೆ. ಇಂದು ಬನ್ನೇರುಘಟ್ಟದ ಚಿಟ್ಟೆ ಉದ್ಯಾನದಲ್ಲಿಯೋ ದೊರೆಸಾನಿಪಾಳ್ಯದ ಅರಣ್ಯದ ಆವರಣದಲ್ಲಿಯೋ ಜಯನಗರದ ಮನೆಯೊಂದರ ಹಿತ್ತಲಿನಲ್ಲಿಯೋ ಮಂಡಿಯೂರಿ ಕುಳಿತು ಕ್ಯಾಮೆರಾವನ್ನು ಎಲೆಯ ಅಡಿಭಾಗಕ್ಕೆ ಹಿಡಿಯುವ ಉತ್ಸಾಹಿಗಳು ತಮ್ಮ ಹವ್ಯಾಸವು ನಿನ್ನೆ ಮೊನ್ನೆ ಹುಟ್ಟಿದ್ದೆಂದು ತಿಳಿದಿರುವುದು ಸಹಜವೇ. ಆದರೆ ಎಲೆಯಿಲ್ಲದೆ ಹುಳುವಿಲ್ಲ, ಹುಳುವಿಲ್ಲದೆ ರೆಕ್ಕೆಯಿಲ್ಲ ಎಂಬ, ಅವರ ವಿದ್ಯೆಗೆಲ್ಲ ತಳಹದಿಯಾದ ಅರಿವು ಈ ನೆಲದಲ್ಲಿ ಶತಮಾನಕ್ಕೂ ಹಿಂದೆಯೇ ನಿತ್ಯವ್ಯವಹಾರದ ಮಾತಾಗಿತ್ತು.

ಮೈಸೂರು ಸೀಮೆಯಲ್ಲಿ ರೇಷ್ಮೆ ಹುಳುವಿಗೆ ರಾಜಾಶ್ರಯ ಕೊಟ್ಟವನು ಟಿಪ್ಪು ಸುಲ್ತಾನ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅವನು ಬಂಗಾಳಕ್ಕೆ ಜನರನ್ನು ಕಳುಹಿಸಿ, ಹುಳುವನ್ನೂ ಅದನ್ನು ಸಾಕುವ ವಿದ್ಯೆಯನ್ನೂ ತರಿಸಿ, ರಾಜ್ಯದ ಹಲವು ಕಡೆ ಸಾಕಣೆಯ ಏರ್ಪಾಡು ಮಾಡಿದನು. ಅವನ ತರುವಾಯ ಕಸುಬು ರೈತರ ಮನೆಗಳಲ್ಲಿ ಉಳಿದುಕೊಂಡಿತಾದರೂ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಳುವಿನ ರೋಗಗಳಿಂದ ಬಹಳವಾಗಿ ಕ್ಷೀಣಿಸಿತು. 1893ರಲ್ಲಿ ಜಪಾನಿಗೆ ಹೋಗಿಬಂದ ಜಮ್ಷೆಟ್‌ಜಿ ಟಾಟಾ ಅವರು ಅಲ್ಲಿನ ರೇಷ್ಮೆಯ ಉದ್ಯಮವನ್ನು ಕಣ್ಣಾರೆ ಕಂಡು, ಅದಕ್ಕೆ ಅನುಕೂಲವಾದ ಹವೆಯುಳ್ಳ ಊರು ಬೆಂಗಳೂರೆಂದು ನಿಶ್ಚಯಿಸಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರದಿಂದ ನೆಲವನ್ನೂ ನೆರವನ್ನೂ ಪಡೆದು, ಆ ಶತಮಾನವು ಮುಗಿಯುತ್ತಿದ್ದ ಕಾಲದಲ್ಲಿ ಬಸವನಗುಡಿಯ ಪಕ್ಕದಲ್ಲಿ ತಮ್ಮ ಫಾರಮನ್ನು ತೆರೆದರು. ಬಸವನಗುಡಿಯಾದರೋ ಆಗತಾನೇ ರೂಪುಗೊಳ್ಳುತ್ತಿದ್ದ ಬಡಾವಣೆ. 1898ರ ಪ್ಲೇಗು ಮಾರಿಯು ಪೇಟೆಯ ಜನರನ್ನು ಬಯಲಿಗೆ ಓಡಿಸಿದ ದಿನಗಳು ಅವು. ಅತ್ತ ಮನುಷ್ಯರ ಸೋಂಕಿಗೆ ಹೆದರಿ ಅಗಲವಾದ ಬೀದಿಗಳು ಎಳೆಯಲ್ಪಡುತ್ತಿರಲು, ಇತ್ತ ಹುಳುವಿನ ಸೋಂಕನ್ನು ಕಳೆಯುವ ವಿದ್ಯೆಯನ್ನು ಜಪಾನಿನಿಂದ ಬಂದ ತಜ್ಞರು ಕಲಿಸುತ್ತಿದ್ದರು. 1910ರಲ್ಲಿ ಈ ಸಂಸ್ಥೆಯ ಆಡಳಿತವು ಸಾಲ್ವೇಷನ್ ಆರ್ಮಿಯವರ ಕೈಗೆ ಹೋಯಿತು. ಕಾಲಕ್ರಮದಲ್ಲಿ ತೋಟ ಅಳಿದು, ಹೆಸರು ಮಾತ್ರ ಬಸ್ಸಿನ ಫಲಕದ ಮೇಲೆ ನಿಂತಿತು.

ರೇಷ್ಮೆ ಸಾಕುವವರ ನೋಟ ಎಂತಹುದೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮೊಟ್ಟೆಯಿಂದ ಹೊರಬಂದ ಮರಿ ಕಪ್ಪಗೆ, ಇರುವೆಗಿಂತ ಸಣ್ಣದಾಗಿರುತ್ತದೆ. ಈ ಚಾಕಿಯ ಅವಸ್ಥೆಯಲ್ಲಿ ಹಿಪ್ಪುನೇರಳೆಯ ಎಳೆಯ ಎಲೆಯನ್ನು ನವುರಾಗಿ ಹೆಚ್ಚಿ ತಟ್ಟೆಯ ಮೇಲೆ ಉದುರಿಸಬೇಕು. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿಸಲವೂ ಅದು ಎಲೆಯನ್ನು ಮುಟ್ಟದೆ, ತಲೆಯನ್ನು ಮೇಲೆತ್ತಿ, ಅಲುಗಾಡದೆ ನಿಲ್ಲುವ ಕಾಲವನ್ನು ನಮ್ಮ ರೈತರು ‘ಜ್ವರ’ ಎನ್ನುತ್ತಾರೆ. ಒಂದನೆಯ ಜ್ವರ, ಎರಡನೆಯ ಜ್ವರ ಎಂದು ಎಣಿಸುತ್ತಾ, ಯಾವ ಜ್ವರದಲ್ಲಿ ಎಷ್ಟು ಹೊತ್ತು ಎಲೆ ನಿಲ್ಲಿಸಬೇಕು, ಯಾವಾಗ ಮತ್ತೆ ಹಾಕಬೇಕು ಎಂಬುದನ್ನು ಮನೆಯ ಹೆಂಗಸರು ಹುಳುವಿನ ಮೈಬಣ್ಣವನ್ನು ನೋಡಿಯೇ ಹೇಳಬಲ್ಲರು. ನಾಲ್ಕನೆಯ ಜ್ವರದಿಂದೆದ್ದ ಹುಳುಗಳ ಹಸಿವು ಹೇಳತೀರದು. ಮನೆಯ ತುಂಬ ಅವು ಎಲೆ ಕಡಿಯುವ ಸದ್ದು ಹೆಂಚಿನ ಮೇಲೆ ಸೋನೆ ಹಿಡಿದಂತೆ ಕೇಳಿಸುತ್ತದೆ. ಸುಮಾರು 25 ರಿಂದ 28 ದಿನಗಳಾಗುವಷ್ಟರಲ್ಲಿ ಹುಳು ಹಣ್ಣಾಗುತ್ತದೆ, ಎಂದರೆ ಅದರ ಮೈಯೊಳಗೆ ಬೆಳಕು ಹಾಯುವಂತಾಗುತ್ತದೆ. ಆಗ ಅದನ್ನು ಆಯ್ದು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಒಂದು ದಿನ ಮೊದಲಾದರೆ ನೂಲು ಕಡಿಮೆ, ಒಂದು ದಿನ ತಡವಾದರೆ ನೂಲು ತಟ್ಟೆಯ ಪಾಲು. ಇಷ್ಟು ಸೂಕ್ಷ್ಮವಾದ ಕೀಟಾವಲೋಕನವು ಅಕ್ಷರ ಬಾರದವರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿತ್ತು ಎಂಬುದನ್ನು, ಅವಲೋಕನವೆಂದರೆ ದುರ್ಬೀನು ಹಿಡಿದವರ ಸೊತ್ತೆಂದು ಭಾವಿಸುವ ನಮ್ಮ ಕಾಲದವರು ಗಮನಿಸುವುದು ಒಳ್ಳೆಯದು.

ಇಷ್ಟಾಗಿಯೂ ಆ ನೋಟದಲ್ಲಿ ಚಿಟ್ಟೆಗೆ ಸ್ಥಾನವಿರಲಿಲ್ಲ. ನೂಲಿಗೆ ಹೋಗುವ ಗೂಡುಗಳೊಳಗಣ ಕೋಶವು ಹೊರಬರುವುದಕ್ಕೆ ಮೊದಲೇ ಬಿಸಿಯಿಂದ ಸಾಯುತ್ತದೆ. ಬಿತ್ತನೆಗೆಂದು ಬಿಟ್ಟ ಗೂಡುಗಳಿಂದ ಹೊರಬಂದ ಚಿಟ್ಟೆಯಾದರೂ ಹಾರಲಾರದು, ತಿನ್ನಲಾರದು. ಜೊತೆಗೂಡಿ, ಹೆಣ್ಣು 400-500 ಮೊಟ್ಟೆಗಳನ್ನಿಟ್ಟು, ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಗಂಟು ರೋಗವೆಂದು ನಮ್ಮವರು ಕರೆಯುವ ಪೆಬ್ರಿನ್ ಬೇನೆಯು ತಾಯಿಯಿಂದ ಮೊಟ್ಟೆಗೆ ಹರಿಯುತ್ತದೆಂಬುದನ್ನು 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಸಿದ್ಧಪಡಿಸಿದ ಮೇಲೆ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಅದರ ರಸದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ರೋಗದ ಕಣಗಳು ಕಂಡರೆ ಆ ಮೊಟ್ಟೆಗಳನ್ನೆಲ್ಲ ಸುಟ್ಟುಹಾಕುವ ಕ್ರಮವು ಲೋಕದ ಬಿತ್ತನೆ ಕೋಠಿಗಳಲ್ಲೆಲ್ಲ ರೂಢಿಗೆ ಬಂದಿತು. ಅರೆಯುವುದಕ್ಕಾಗಿ ಮಾತ್ರ ಚಿಟ್ಟೆಯನ್ನು ಕೈಗೆತ್ತಿಕೊಂಡ ಆ ವಿದ್ಯೆಯನ್ನು ಕ್ರೂರವೆನ್ನುವುದು ಸುಲಭ. ಆದರೆ ಹುಳುವಿನ ಬದುಕು ಎಲೆಯ ಬದುಕಿಗೆ ಎಷ್ಟು ಬಿಗಿಯಾಗಿ ಕಟ್ಟುಬಿದ್ದಿದೆ ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ತೋರಿಸಿದ ಕಸುಬು ಬೇರೆ ಇಲ್ಲ. ಹಿಪ್ಪುನೇರಳೆ ಕೆಟ್ಟರೆ ಹುಳು ಕೆಟ್ಟಿತು. ಬದಲಿಗೆ ಬೇರೊಂದು ಎಲೆಯನ್ನು ಹಾಕಿ ಸಾಗಿಸಿಕೊಳ್ಳುವಂತಿಲ್ಲ.

ಫಾರಮಿನಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿಯೇ ಲಾಲ್‌ಬಾಗ್. 1760ರಲ್ಲಿ ಹೈದರಾಲಿಯಿಂದ ಆರಂಭವಾಗಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಈ ತೋಟದಲ್ಲಿ ನಡೆದ ವ್ಯವಸಾಯವು ಇನ್ನೊಂದು ಬಗೆಯದು. ಜಾನ್ ಕ್ಯಾಮೆರಾನ್ ಅವರ ಕಾಲದಲ್ಲಿಯೂ, 1908ರಲ್ಲಿ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಅವರ ಕಾಲದಲ್ಲಿಯೂ ದೇಶದೇಶಗಳ ಗಿಡಮರಗಳು ಇಲ್ಲಿಗೆ ಬಂದು, ಒಗ್ಗಿ, ಬೀದಿಗೆ ಇಳಿದವು. ನಾವು ಹುಳಿಗೆ ಹಾಕುವ ಸೀಮೆಬದನೆಯೂ ಕ್ಯಾಮೆರಾನರು ತಂದದ್ದೇ. ಬೆಂಗಳೂರಿನ ಸಾಲುಮರಗಳಿಗೆ ಈ ತೋಟವು ಕೊಟ್ಟ ಸೌಂದರ್ಯವು ಲೋಕವಿದಿತವಾದುದು. ಆದರೆ ಚಿಟ್ಟೆಯ ಪಕ್ಷದಿಂದ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ನೀಲಿಯಾಗಿ ಅರಳುವ ಜಕರಂಡವೂ ಗುಲಾಬಿಯಾಗಿ ಅರಳುವ ಟಬೂಬಿಯವೂ ದಕ್ಷಿಣ ಅಮೆರಿಕದವು. ಅವುಗಳ ಎಲೆಯನ್ನು ಮೇಯುವ ಚಿಟ್ಟೆಯ ಹುಳು ನಮ್ಮಲ್ಲಿ ವಿರಳ. ಅದೇ ಕಾಂಪೌಂಡಿನ ಅಂಚಿಗೆ ನೆಟ್ಟಗೆ ನಿಲ್ಲುವ ಅಶೋಕ ಮರ (ಸೀತೆ ಕುಳಿತಿದ್ದ ಅಶೋಕವಲ್ಲ, ಅದರ ಹೆಸರನ್ನು ಕದ್ದುಕೊಂಡದ್ದು) ನಮ್ಮ ನಾಡಿನದೇ ಬಳಗಕ್ಕೆ ಸೇರಿದುದರಿಂದ, ಕಪ್ಪು ಮೈಮೇಲೆ ಹಸುರು ಚುಕ್ಕೆಗಳುಳ್ಳ, ಒಂದು ಗಳಿಗೆಯೂ ನಿಲ್ಲದ ಟೇಲ್ಡ್ ಜೇ ಎಂಬ ಚಿಟ್ಟೆಯು ಇಂದಿಗೂ ಜಯನಗರದ ನಾಲ್ಕನೆಯ ಬ್ಲಾಕಿನ ಗಲಾಟೆಯ ನಡುವೆಯೇ ಸಂಸಾರ ನಡೆಸುತ್ತಿದೆ.

ಹುಳುವನ್ನು ಶತ್ರುವೆಂದು ನೋಡಿದ ಕಾಲವನ್ನು ನಾನು ಬೇಗ ದಾಟುತ್ತೇನೆ. ಅದು ಮುಖ್ಯವಾಗಿ ಊರಿನ ಉತ್ತರದ ಹೆಬ್ಬಾಳಕ್ಕೆ ಸೇರಿದ ಕಥೆ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರೂ, ಅವರ ಕೃಷಿ ಇಲಾಖೆಯಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಕುಂಞಿಕಣ್ಣನ್ ಅವರೂ ಬೆಳೆಗಳ ಕೀಟಗಳನ್ನು ಕುರಿತು ನಮ್ಮಲ್ಲಿ ಕ್ರಮಬದ್ಧವಾದ ಅಧ್ಯಯನವನ್ನು ನೆಲೆಗೊಳಿಸಿದರು. ಅವರ ಕಾಲದ ಒಂದು ಪ್ರಸಂಗ ಮಾತ್ರ ಇಲ್ಲಿ ಉಲ್ಲೇಖಾರ್ಹ. ಹೊಲದ ಬೇಲಿಯಾಗಿ ಬಂದು ಹೊಲವನ್ನೇ ನುಂಗುತ್ತಿದ್ದ ಪಾಪಾಸುಕಳ್ಳಿಯನ್ನು ಅಳಿಸಲು 1920ರ ದಶಕದಲ್ಲಿ ಸಿಂಹಳದಿಂದ ಒಂದು ಬಗೆಯ ಕೊಚಿನೀಲ್ ಕೀಟವನ್ನು ತರಿಸಲಾಯಿತು. ಆ ಕೀಟಕ್ಕೆ ಕಳ್ಳಿಯ ಹೊರತು ಬೇರೆ ಆಹಾರವಿಲ್ಲ. ಅದು ಕಳ್ಳಿಯನ್ನು ತಿಂದು ಮುಗಿಸಿತು. ಒಂದು ಹುಳುವಿಗೆ ಒಂದೇ ಎಲೆ ಎಂಬ ನಿಸರ್ಗದ ಕಟ್ಟಳೆಯನ್ನು ರೇಷ್ಮೆಯವರು ಹುಳುವನ್ನು ಉಳಿಸಲು ಬಳಸಿದರೆ, ಕೃಷಿ ಇಲಾಖೆಯವರು ಗಿಡವನ್ನು ಅಳಿಸಲು ಬಳಸಿದರು.

ಲಾಭವನ್ನೂ ನಷ್ಟವನ್ನೂ ಬದಿಗಿರಿಸಿ ಚಿಟ್ಟೆಯನ್ನು ಚಿಟ್ಟೆಯೆಂದೇ ನೋಡಿದವರನ್ನು ಕಾಣಬೇಕಾದರೆ ಬೆಂಗಳೂರನ್ನು ಬಿಟ್ಟು ಕಾರವಾರಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೂವರು ಅಧಿಕಾರಿಗಳು ಕೂಡಿದ್ದರು: ಜೇಮ್ಸ್ ಡೇವಿಡ್ಸನ್, ಉಪ್ಪಿನ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್, ಮತ್ತು ಅರಣ್ಯ ಇಲಾಖೆಯ ಥಾಮಸ್ ರೀಡ್ ಡೇವಿಸ್ ಬೆಲ್. ಕಚೇರಿಯ ಕಡತಗಳಿಂದ ಬಿಡುವು ದೊರೆತಾಗಲೆಲ್ಲ ಇವರು ಮಾಡುತ್ತಿದ್ದುದು ಚಿಟ್ಟೆಗಳನ್ನು ಬಲೆಯಲ್ಲಿ ಹಿಡಿಯುವುದಷ್ಟೇ ಆಗಿದ್ದರೆ ಆ ಕಾಲದ ನೂರಾರು ಆಂಗ್ಲ ಹವ್ಯಾಸಿಗಳ ನಡುವೆ ಇವರ ಹೆಸರೂ ಮರೆತುಹೋಗುತ್ತಿತ್ತು. ಇವರು ಮೊಟ್ಟೆಯನ್ನು ಹುಡುಕಿದರು. ಮೊಟ್ಟೆಯಿದ್ದ ಗಿಡವನ್ನು ಗುರುತಿಸಿದರು. ಹುಳುವನ್ನು ಮನೆಯಲ್ಲಿ ಸಾಕಿ, ಅದು ಪೊರೆ ಬಿಟ್ಟ ಬಗೆ, ಬಣ್ಣ ಬದಲಾದ ಬಗೆ, ಕೋಶ ಕಟ್ಟಿದ ಬಗೆಯನ್ನೆಲ್ಲ ಬರೆದಿಟ್ಟರು. 1896ರಿಂದ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಇವರ ಬರಹವು, ಚಿಟ್ಟೆಯ ಜೀವನವನ್ನು ಅದರ ಗಿಡದೊಡನೆ ಕೂಡಿಸಿ ಹೇಳಿದ ಮೊದಮೊದಲ ಭಾರತೀಯ ದಾಖಲೆಗಳಲ್ಲಿ ಒಂದು. ಬೆಲ್ ಅವರಂತೂ 1909ರಿಂದ 1927ರವರೆಗೆ ಅದೇ ಪತ್ರಿಕೆಯಲ್ಲಿ ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳನ್ನು ಕುರಿತ ಲೇಖನಮಾಲೆಯನ್ನು ನಡೆಸಿ, ನಿವೃತ್ತಿಯ ನಂತರವೂ ಕಾರವಾರದಲ್ಲಿಯೇ ನೆಲಸಿ, 1948ರಲ್ಲಿ ಕಾಲವಾದರು. ಯಾವ ಚಿಟ್ಟೆಗೆ ಯಾವ ಗಿಡವೆಂದು ಇಂದು ಬೆಂಗಳೂರಿನ ತೋಟಗಾರನೊಬ್ಬನು ಪುಸ್ತಕ ತೆರೆದು ನೋಡಿದರೆ, ಅವನ ಕಣ್ಣಿಗೆ ಬೀಳುವ ಪಟ್ಟಿಯ ಬೇರು ಬಹುಮಟ್ಟಿಗೆ ಈ ಕಾರವಾರದ ವರಾಂಡದಲ್ಲಿದೆ.

ಅದೇ 1948ರಲ್ಲಿ, ಆಗಸ್ಟ್ ತಿಂಗಳಲ್ಲಿ, ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲನ್ನಿಟ್ಟರು. ಅಶೋಕ ಸ್ತಂಭದಿಂದ ದಕ್ಷಿಣಕ್ಕೆ ಆಗ ಇದ್ದುದು ಊರಲ್ಲ, ಊರುಗಳು: ಬೈರಸಂದ್ರ, ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಕತ್ರಿಗುಪ್ಪೆ. ಅವುಗಳ ನಡುವೆ ರಾಗಿಯ ಹೊಲ, ಕೆರೆ, ತೋಪು, ಎಕ್ಕದ ಪೊದೆ, ತಂಗಡಿಯ ಬೇಲಿ. ಎಕ್ಕವಿದ್ದಲ್ಲಿ ಪ್ಲೇನ್ ಟೈಗರ್ ಎಂಬ ಕಿತ್ತಳೆಬಣ್ಣದ ಚಿಟ್ಟೆಯುಂಟು; ತಂಗಡಿ ಕಕ್ಕೆಗಳಿದ್ದಲ್ಲಿ ಎಮಿಗ್ರೆಂಟ್ ಎಂಬ ಹಳದಿಯ ಚಿಟ್ಟೆಗಳ ತಂಡವುಂಟು. ಬಡಾವಣೆಯು ಬೆಳೆದು, ಬ್ಲಾಕುಗಳು ಹಂತಗಳಾಗಿ, ಸೈಟುಗಳು ಮನೆಗಳಾದಂತೆ ಈ ಬೇಲಿಗಳು ಹೋದವು. ಆದರೆ ಚಿಟ್ಟೆಗಳೆಲ್ಲ ಹೋದುವೆಂದು ದುಃಖಿಸುವವರು, ಮನೆಗಳ ಜೊತೆಗೆ ಬಂದ ಹೊಸ ಎಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮಧ್ಯಮವರ್ಗದ ಗೃಹಸ್ಥನು ಸೈಟಿನ ಹಿಂಭಾಗದಲ್ಲಿ ಒಂದು ತೆಂಗು, ಒಂದು ಕರಿಬೇವು, ಒಂದು ನಿಂಬೆ, ಮುಂದೆ ಪೂಜೆಗೆ ಕಣಗಿಲೆ, ಜಾಗ ಉಳಿದರೆ ಒಂದು ಸಂಪಿಗೆ ಅಥವಾ ಬಿಲ್ವ ಇವುಗಳನ್ನು ಹಾಕಿದನು. ಇವುಗಳಲ್ಲಿ ಒಂದನ್ನೂ ಅವನು ಚಿಟ್ಟೆಗಾಗಿ ನೆಡಲಿಲ್ಲ. ಇವುಗಳಲ್ಲಿ ಚಿಟ್ಟೆ ಬಳಸದ ಗಿಡವೂ ಇಲ್ಲ. ಅಡಿಗೆಮನೆಯೂ ದೇವರ ಮನೆಯೂ ಕೂಡಿ ದಕ್ಷಿಣ ಬೆಂಗಳೂರಿನಲ್ಲಿ ಅರಿವಿಲ್ಲದೆಯೇ ಬೆಳೆಸಿದ ಚಿಟ್ಟೆಯ ತೋಟವು ವಿಸ್ತಾರದಲ್ಲಿ ಯಾವ ಸರ್ಕಾರಿ ಉದ್ಯಾನಕ್ಕೂ ಕಡಿಮೆಯಾದುದಲ್ಲ.

ಕರಿಬೇವಿನ ಗಿಡವೊಂದನ್ನೇ ನೋಡಬಹುದು. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಹೆಣ್ಣು ಎಳೆಯ ಚಿಗುರನ್ನು ಮುಂಗಾಲಿನಿಂದ ತಟ್ಟಿ, ಅದರ ರುಚಿಯನ್ನು ಕಾಲಿನಲ್ಲಿಯೇ ಅರಿತು, ಒಂದೊಂದಾಗಿ ಮೊಟ್ಟೆಯಿಡುತ್ತದೆ. ಹೊರಬಂದ ಹುಳುವು ಮೊದಲ ನಾಲ್ಕು ಅವಸ್ಥೆಗಳಲ್ಲಿ ಕಂದು ಬಿಳುಪು ಬಣ್ಣಗಳಿಂದ, ಜಿನುಗುವಂತಹ ಹೊಳಪಿನಿಂದ, ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯೇ ಆಗಿ ಕುಳಿತಿರುತ್ತದೆ; ತಿನ್ನಬಂದ ಹಕ್ಕಿ ತನ್ನ ಹಿಕ್ಕೆಯನ್ನು ತಾನೇ ತಿನ್ನುವುದಿಲ್ಲವಷ್ಟೆ. ಐದನೆಯ ಅವಸ್ಥೆಗೆ ಬಂದೊಡನೆ ಈ ವೇಷವನ್ನು ಕಳಚಿ ಹಸುರಾಗುತ್ತದೆ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಹೊರಚಿಮ್ಮಿ, ಕೊಳೆತ ಹಣ್ಣಿನ ಘಾಟು ಮೂಗಿಗೆ ಬಡಿಯುತ್ತದೆ. ಕೋಶವಾಗುವ ಹೊತ್ತಿಗೆ ಅದು ಕೊಂಬೆಯ ಮೇಲೆ ರೇಷ್ಮೆಯ ಸಣ್ಣ ಗುಬುಟನ್ನು ನೇಯ್ದು ಬಾಲವನ್ನು ಅದಕ್ಕೆ ಸಿಕ್ಕಿಸಿ, ಸೊಂಟದ ಸುತ್ತ ಒಂದೇ ಒಂದು ರೇಷ್ಮೆಯ ಪಟ್ಟಿಯನ್ನು ಕಟ್ಟಿಕೊಂಡು, ಹಿಂದಕ್ಕೆ ಒರಗಿ ನಿಲ್ಲುತ್ತದೆ. ಗೂಡಿಲ್ಲ, ಬರಿಯ ಸೊಂಟಪಟ್ಟಿ. ಆದರೂ ರೇಷ್ಮೆಯು ಹಿಪ್ಪುನೇರಳೆಯ ಹುಳುವೊಂದರ ಗುತ್ತಿಗೆಯಲ್ಲವೆಂಬುದನ್ನು ಮನೆಯ ಹಿತ್ತಲಿನಲ್ಲಿಯೇ ಕಾಣಬಹುದು. ಸುತ್ತಲೂ ಹಸುರಿದ್ದರೆ ಕೋಶವು ಹಸುರು, ಒಣಕಡ್ಡಿಯ ಮೇಲಾದರೆ ಕಂದು. ಬೆಳಗಿನ ಹೊತ್ತು ಹೊರಬಂದ ಚಿಟ್ಟೆಯು ಮುದುರಿದ ರೆಕ್ಕೆಗಳಿಗೆ ರಸವನ್ನು ಹಾಯಿಸುತ್ತಾ, ಎರಡು ಸೀಳಾಗಿ ಹುಟ್ಟಿದ ನಾಲಗೆಯನ್ನು ಸುರುಳಿ ಬಿಚ್ಚಿ ಸುತ್ತಿ ಒಂದೇ ಕೊಳವೆಯಾಗಿ ಜೋಡಿಸಿಕೊಳ್ಳುವುದನ್ನು ನೋಡಿದವರಿಗೆ, ಆ ದಿನ ಸಾರಿಗೆ ಒಗ್ಗರಣೆಯ ಎಲೆ ಕಡಿಮೆಯಾದುದರ ಬಗೆಗೆ ದೂರಿರಲಾರದು. ಆದರೆ ಇದನ್ನು ನೋಡಿದ ಮನೆಗಳು ಕಡಿಮೆ. ‘ಹುಳ ಬಿದ್ದಿದೆ’ ಎಂದು ಎಲೆಯನ್ನು ಚಿವುಟಿ ಎಸೆದ ಮನೆಗಳೇ ಹೆಚ್ಚು.

ಈ ದೃಶ್ಯಗಳನ್ನು ಚಿತ್ರವಾಗಿ ಹಿಡಿಯುವ ಕಲೆಯು ಬೆಂಗಳೂರಿಗೆ ಹಕ್ಕಿಗಳ ಮೂಲಕ ಬಂದಿತು. ಹಕ್ಕಿಗಳ ಛಾಯಾಗ್ರಾಹಕರಾಗಿದ್ದ ಓ.ಸಿ. ಎಡ್ವರ್ಡ್ಸ್ ಅವರ ಶಿಷ್ಯತ್ವದಲ್ಲಿ ಬೆಳೆದ ಟಿ.ಎನ್.ಎ. ಪೆರುಮಾಳ್ ಅವರೂ, ಇ. ಹನುಮಂತರಾವ್ ಅವರೂ ಈ ನಗರವನ್ನು ವನ್ಯಜೀವಿ ಛಾಯಾಗ್ರಹಣದ ತವರನ್ನಾಗಿ ಮಾಡಿದರು. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಫಿಕ್ ಸೊಸೈಟಿಯಂತಹ ಸಂಘಗಳು ಆ ವಿದ್ಯೆಯನ್ನು ಕಿರಿಯರಿಗೆ ಹಂಚಿದವು. ಫಿಲ್ಮಿನ ಆ ಕಾಲದಲ್ಲಿ ಕೀಟದ ಚಿತ್ರವೆಂದರೆ ಕೈ ಸುಡುವ ವ್ಯವಹಾರ. ಒಂದು ಸುರುಳಿಗೆ 36 ಚಿತ್ರ. ಬಣ್ಣದ ಸ್ಲೈಡಿನ ಫಿಲ್ಮು ಬೆಳಕಿಗೆ ಮಂದ, ಬೆಲೆಗೆ ಚುರುಕು. ತೊಳೆದು ಬರುವವರೆಗೆ ಚಿತ್ರ ಬಂದಿದೆಯೇ ಇಲ್ಲವೇ ತಿಳಿಯದು. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೊಳವೆಯನ್ನೋ ಬೆಲ್ಲೋಸನ್ನೋ ಸೇರಿಸಿ, ಇಲ್ಲವೆ ಲೆನ್ಸನ್ನೇ ಹಿಂದುಮುಂದಾಗಿ ತಿರುಗಿಸಿ ಹಚ್ಚಿ, ಹುಳುವನ್ನು ಅದರ ನಿಜಗಾತ್ರದಲ್ಲಿ ಫಿಲ್ಮಿನ ಮೇಲೆ ಬೀಳಿಸಿದರೆ, ದ್ವಾರವನ್ನು ಎಷ್ಟು ಕಿರಿದುಗೊಳಿಸಿದರೂ ಸ್ಪಷ್ಟವಾಗಿ ಕಾಣುವ ಆಳವು ಕೆಲವೇ ಮಿಲಿಮೀಟರುಗಳನ್ನು ಮೀರದು. ಆದುದರಿಂದಲೇ ಚಿಟ್ಟೆಯ ಮುಚ್ಚಿದ ರೆಕ್ಕೆಗೆ ಕ್ಯಾಮೆರಾದ ಬೆನ್ನು ಸರಿಸಮಾನವಾಗಿ ನಿಲ್ಲಬೇಕೆಂಬ ನಿಯಮ. ಕಣ್ಣು ಮಸುಕಾದರೆ ರೆಕ್ಕೆ ಎಷ್ಟು ಚೆನ್ನಾಗಿದ್ದರೂ ಚಿತ್ರ ಸತ್ತಂತೆಯೇ ಎಂಬ ಇನ್ನೊಂದು ನಿಯಮ. ಯಂತ್ರಗಳು ಬದಲಾದರೂ ಬೆಳಕಿನ ಈ ಕಟ್ಟಳೆಗಳು ಬದಲಾಗಿಲ್ಲ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಬದಲಾದುದು ತಪ್ಪುವ ಸ್ವಾತಂತ್ರ್ಯ: ನೂರು ಸಲ ಒತ್ತಿ ಒಂದನ್ನು ಉಳಿಸಿಕೊಳ್ಳುವುದಕ್ಕೆ ಈಗ ಖರ್ಚಿಲ್ಲ. ಫ್ಲಾಶಿನ ಕಟುವಾದ ಬೆಳಕನ್ನು ಮೆತ್ತಗಾಗಿಸಲು ಥರ್ಮೋಕೋಲಿನ ಹಾಳೆ, ಬಟರ್ ಪೇಪರು, ಹಾಲಿನ ಡಬ್ಬಿ ಇವುಗಳಿಂದ ಮನೆಯಲ್ಲಿಯೇ ಮಾಡಿಕೊಂಡ ಪರದೆಗಳು ಭಾನುವಾರದ ಬೆಳಿಗ್ಗೆ ದೊರೆಸಾನಿಪಾಳ್ಯದಲ್ಲಿ ಕಾಣಸಿಗುತ್ತವೆ. ದುಬಾರಿಯ ಲೆನ್ಸಿನ ಮುಂದೆ ಹಾಲಿನ ಡಬ್ಬಿಯನ್ನು ಕಟ್ಟಿಕೊಂಡು ಓಡಾಡುವ ಈ ಗಂಭೀರ ಜನರನ್ನು ಕಂಡರೆ ನನಗೆ ವಿಶೇಷವಾದ ಗೌರವ.

ಬಲೆಯಿಂದ ಕ್ಯಾಮೆರಾಕ್ಕೆ ಆದ ಈ ವರ್ಗಾವಣೆಗೆ ಕಾಯಿದೆಯ ಬೆಂಬಲವೂ ಇದ್ದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗಳಲ್ಲಿ ಮುಂದೆ ಅನೇಕ ಚಿಟ್ಟೆಗಳೂ ಸೇರಿದುವು. ನಮ್ಮ ಪಾರ್ಕುಗಳಲ್ಲಿ ಸಲೀಸಾಗಿ ಹಾರಾಡುವ ಕ್ರಿಮ್ಸನ್ ರೋಸ್ ಕೂಡ ಅವುಗಳಲ್ಲಿ ಒಂದು. ಹಿಡಿದು ಸೂಜಿ ಚುಚ್ಚುವ ಬದಲು ನೋಡಿ ಬರೆದುಕೊಳ್ಳುವ ಪರಿಪಾಠವು ಹಕ್ಕಿನೋಟಗಾರರಿಂದ ಚಿಟ್ಟೆಯವರಿಗೆ ಹರಿದುಬಂದಿತು. ಎಸ್. ಕಾರ್ತಿಕೇಯನ್ ಅವರು ಸಿದ್ಧಪಡಿಸಿದ, ಬೆಂಗಳೂರಿನ ಕಶೇರುಕಗಳ ಮತ್ತು ಚಿಟ್ಟೆಗಳ ಪಟ್ಟಿಯು 1999ರಲ್ಲಿಯೂ, ಕೃಷ್ಣಮೇಘ ಕುಂಟೆ ಅವರ ದಕ್ಷಿಣ ಭಾರತದ ಚಿಟ್ಟೆಗಳ ಕೈಪಿಡಿಯು 2000ದಲ್ಲಿಯೂ ಬಂದ ಮೇಲೆ, ಚೀಲದಲ್ಲಿ ಹಿಡಿಸುವ ಪುಸ್ತಕದ ನೆರವಿನಿಂದ ಯಾರು ಬೇಕಾದರೂ ತಾವು ಕಂಡದ್ದಕ್ಕೆ ಹೆಸರಿಡುವಂತಾಯಿತು. ಕುಂಟೆ ಅವರೂ ಅವರ ಸಹೋದ್ಯೋಗಿಗಳೂ 2014ರಲ್ಲಿ ಪ್ರಕಟಿಸಿದ ಸಂಶೋಧನೆಯು ಮೇಲೆ ಹೇಳಿದ ನಮ್ಮ ಕರಿಬೇವಿನ ಚಿಟ್ಟೆಗೇ ಸಂಬಂಧಿಸಿದುದು. ಕಾಮನ್ ಮಾರ್ಮನ್ನಿನ ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇದ್ದು, ಉಳಿದವು ಹಕ್ಕಿಗಳಿಗೆ ಒಗ್ಗದ ರೋಸ್ ಚಿಟ್ಟೆಗಳ ಕೆಂಪು ಬಿಳುಪಿನ ವೇಷವನ್ನು ಧರಿಸುವುದಕ್ಕೆ ಒಂದೇ ಒಂದು ಜೀನು ಕಾರಣವೆಂದು ಅವರು ತೋರಿಸಿದರು. ಬೇರೆಯವರ ಅಡಿಗೆಮನೆಯ ಗಿಡದ ಮೇಲೆ ಬೆಳೆದು, ಬೇರೆಯವರ ಬಟ್ಟೆಯನ್ನುಟ್ಟು ತಿರುಗುವ ಪ್ರಾಣಿ ಇದು.

2006ರ ನವೆಂಬರಿನಲ್ಲಿ ಬನ್ನೇರುಘಟ್ಟದ ಜೈವಿಕ ಉದ್ಯಾನದ ಪಕ್ಕದಲ್ಲಿ, ಏಳೂವರೆ ಎಕರೆಯ ನೆಲದಲ್ಲಿ, ಚಿಟ್ಟೆ ಉದ್ಯಾನವು ತೆರೆಯಿತು. ಕರ್ನಾಟಕ ಮೃಗಾಲಯ ಪ್ರಾಧಿಕಾರದ ಜೊತೆಗೆ ಕೃಷಿ ವಿಶ್ವವಿದ್ಯಾನಿಲಯವೂ ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯೂ ಇದರಲ್ಲಿ ಕೈಜೋಡಿಸಿದವು. ಕೀಟವನ್ನು ಶತ್ರುವೆಂದು ಅಭ್ಯಸಿಸಿದ ಹೆಬ್ಬಾಳದ ಪರಂಪರೆಯೇ ಈಗ ಕೃಷಿ ವಿಶ್ವವಿದ್ಯಾನಿಲಯದ ಮೂಲಕ ಅದನ್ನು ಅತಿಥಿಯೆಂದು ಉಪಚರಿಸಲು ಬಂದುದು ಕಾಲದ ವಿನೋದ. ಪಾಲಿಕಾರ್ಬೊನೇಟ್ ಹಾಳೆಯ ಗುಮ್ಮಟದ ಕೆಳಗೆ, ಸುಮಾರು 10,000 ಚದರ ಅಡಿಯಲ್ಲಿ, ತೇವವನ್ನೂ ಬೆಚ್ಚಗಿನ ಹವೆಯನ್ನೂ ಕಾಯ್ದುಕೊಂಡು, ಹೂಗಿಡಗಳ ನಡುವೆ ಚಿಟ್ಟೆಗಳನ್ನು ಬಿಟ್ಟಿದ್ದಾರೆ. ನೋಡಬಂದವರು ಗುಮ್ಮಟವನ್ನು ನೋಡಿ ಹಿಂತಿರುಗುತ್ತಾರೆ. ಉದ್ಯಾನದ ನಿಜವಾದ ಜೀವಾಳವಿರುವುದು ಹುಳುಗಳನ್ನು ಸಾಕುವ ಕೋಣೆಯಲ್ಲಿ ಮತ್ತು ಆ ಹುಳುಗಳಿಗೆ ಎಲೆ ಒದಗಿಸುವ ಗಿಡಗಳ ಪಾತಿಯಲ್ಲಿ. ಚಿಟ್ಟೆಯ ಆಯುಷ್ಯ ವಾರಗಳ ಲೆಕ್ಕದ್ದು. ಗುಮ್ಮಟದಲ್ಲಿ ಇಂದು ಹಾರುವುದು ಮುಂದಿನ ತಿಂಗಳು ಇರದು. ದಿನವೂ ಎಲೆ ಕೊಯ್ದು, ಹುಳುವಿಗೆ ಹಾಕಿ, ಹಿಕ್ಕೆ ಗುಡಿಸಿ, ಕಾಯಿಲೆಯದನ್ನು ಬೇರ್ಪಡಿಸಿ, ಕೋಶಗಳನ್ನು ಜೋಡಿಸಿಡುವ ಅಲ್ಲಿನ ಕೆಲಸಗಾರರ ದಿನಚರಿಯನ್ನು ಚನ್ನಪಟ್ಟಣದ ಕಡೆಯ ರೇಷ್ಮೆಯ ಮನೆಯವಳೊಬ್ಬಳು ನೋಡಿದರೆ, ಚಂದ್ರಿಕೆಯೊಂದು ಇಲ್ಲವೆಂಬುದನ್ನು ಬಿಟ್ಟು ಬೇರೆ ಯಾವುದಕ್ಕೂ ಆಶ್ಚರ್ಯಪಡಲಾರಳು. ಹೀಗಿರುವಾಗ, ಪಾರ್ಕುಗಳಲ್ಲಿ ನಾಲ್ಕು ಬಣ್ಣದ ಹೂಗಿಡಗಳನ್ನು ನೆಟ್ಟು, ಸಿಮೆಂಟಿನ ಚಿಟ್ಟೆಯೊಂದನ್ನು ನಿಲ್ಲಿಸಿ, ‘ಚಿಟ್ಟೆ ಉದ್ಯಾನ’ ಎಂದು ಫಲಕ ಹಾಕುವ ಪದ್ಧತಿಯನ್ನು ನಾನು ಒಪ್ಪಲಾರೆ. ಹೂವು ಚಿಟ್ಟೆಗೆ ಹೋಟೆಲು, ಮನೆ ಎಲೆಯಲ್ಲಿದೆ.

ಈ ವ್ಯತ್ಯಾಸವು ಚೆನ್ನಾಗಿ ಕಾಣುವುದು ದೊರೆಸಾನಿಪಾಳ್ಯದಲ್ಲಿ. ಬನ್ನೇರುಘಟ್ಟ ರಸ್ತೆಗೂ ಜೆ.ಪಿ. ನಗರಕ್ಕೂ ನಡುವೆ, ಸುತ್ತಲೂ ಬಹುಮಹಡಿಯ ಕಟ್ಟಡಗಳು ಎದ್ದಿರುವಲ್ಲಿ, ಅರಣ್ಯ ಇಲಾಖೆಯ ಸಂಶೋಧನೆಯ ಈ ಆವರಣವು ಮರಗಳ ಪ್ರಯೋಗಕ್ಕಾಗಿ ಉಳಿದುಕೊಂಡಿತು; ಮರಗಳ ಕೆಳಗೆ ತಾನಾಗಿ ಎದ್ದ ಕುರುಚಲು ಚಿಟ್ಟೆಗಳನ್ನು ಉಳಿಸಿತು. ಬೆಂಗಳೂರು ಬಟರ್‌ಫ್ಲೈ ಕ್ಲಬ್ಬಿನ ಹವ್ಯಾಸಿಗಳು ಇಲ್ಲಿ ನಡೆಯುತ್ತಾ, ಹೆಸರುಗಳನ್ನು ಬರೆದುಕೊಳ್ಳುತ್ತಾ ಹೋಗುವುದನ್ನು ನೋಡಿದರೆ, ಅವರು ಹೂವಿನ ಬಳಿ ನಿಲ್ಲುವುದಕ್ಕಿಂತ ಹೆಚ್ಚು ಹೊತ್ತು ಒದ್ದೆ ಮಣ್ಣಿನ ಬಳಿಯೂ ಒಣಗಿದ ಗಿಡದ ಬಳಿಯೂ ನಿಲ್ಲುತ್ತಾರೆ. ಮಳೆನೀರು ಆರಿದ ಮಣ್ಣಿನಿಂದ ಲವಣವನ್ನು ಹೀರಲು ಗಂಡುಚಿಟ್ಟೆಗಳು ಗುಂಪುಗೂಡುತ್ತವೆ. ಒಣಗಿದ ಕಾಯಿ ಅಲುಗಿದರೆ ಸದ್ದುಮಾಡುವ ಗಿಲಿಗಿಲಿ ಗಿಡದ ಎಲೆಯನ್ನು ಕೆರೆದು, ಅದರ ವಿಷವನ್ನು ಹೀರಿ, ಹೆಣ್ಣನ್ನು ಒಲಿಸುವ ಪರಿಮಳವನ್ನಾಗಿ ಮಾಡಿಕೊಳ್ಳುವ ಬ್ಲೂ ಟೈಗರ್, ಕಾಮನ್ ಕ್ರೋ ಮೊದಲಾದ ಚಿಟ್ಟೆಗಳು ಆ ಗಿಡವನ್ನು ಮುತ್ತಿಕೊಂಡಿದ್ದಾಗ ಹತ್ತಿರ ಹೋದರೂ ಏಳುವುದಿಲ್ಲ. ಹೊಸಬನಿಗೆ ಒಳ್ಳೆಯ ಚಿತ್ರ ದೊರೆಯುವುದು ಇಲ್ಲಿಯೇ. ಇವೇ ಚಿಟ್ಟೆಗಳು ಮುಂಗಾರಿಗೆ ಮುಂಚೆ ಪಶ್ಚಿಮಘಟ್ಟದಿಂದ ಹೊರಟು ಪೂರ್ವದ ಬಯಲಿಗೂ, ಮಳೆಗಾಲ ಕಳೆದ ಮೇಲೆ ಹಿಂದಕ್ಕೂ ವಲಸೆ ಹೋಗುತ್ತವೆ. ಆ ದಿನಗಳಲ್ಲಿ ಬಿ.ಟಿ.ಎಂ. ಬಡಾವಣೆಯ ಸಿಗ್ನಲಿನಲ್ಲಿ ನಿಂತವರ ತಲೆಯ ಮೇಲೆಯೇ ಅವು ಒಂದೇ ದಿಕ್ಕಿಗೆ ಸಾಲಾಗಿ ಹಾದುಹೋಗುವುದುಂಟು.

ಚಿತ್ರಕ್ಕಾಗಿ ನಡೆಯುವ ಕೆಲವು ಅಕಾರ್ಯಗಳನ್ನೂ ಹೇಳಿಬಿಡಬೇಕು. ಚಿಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಹೂವಿನ ಮೇಲೆ ಕೂರಿಸುವುದು, ಕೋಶವನ್ನು ಕೊಂಬೆಯಿಂದ ಕಿತ್ತು ಬೆಳಕಿರುವಲ್ಲಿಗೆ ಅಂಟಿಸುವುದು, ಎದುರಿಗೆ ಅಡ್ಡಬಂದ ಕುಡಿಯನ್ನು ಮುರಿದುಹಾಕುವುದು, ಇವುಗಳಿಂದ ಬಂದ ಚಿತ್ರವು ಎಷ್ಟೇ ಸೊಗಸಾಗಿದ್ದರೂ ಬಲ್ಲವರ ಕಣ್ಣಿಗೆ ಸುಳ್ಳು ತಿಳಿದುಬಿಡುತ್ತದೆ. ಚಳಿಗೆ ಮರಗಟ್ಟಿದ ಚಿಟ್ಟೆಯು ಕಾಲೂರುವ ರೀತಿಯೇ ಬೇರೆ. ಮುರಿದ ಆ ಕುಡಿಯ ಮೇಲೆ ಮೊಟ್ಟೆಯಿತ್ತೇ ಎಂಬುದನ್ನು ಮುರಿದವನು ನೋಡಿರುವುದಿಲ್ಲ.

ತೋಟ ಮಾಡುವವರಲ್ಲಿಯೂ ಒಂದು ವ್ಯಾಜ್ಯವುಂಟು. ಅಮೆರಿಕ ಖಂಡದಿಂದ ಬಂದು ನಮ್ಮ ಕಾಡುಗಳನ್ನೆಲ್ಲ ಆಕ್ರಮಿಸಿದ ಲಂಟಾನವು ಚಿಟ್ಟೆಗಳಿಗೆ ಅತ್ಯಂತ ಪ್ರಿಯವಾದ ಮಧುವಿನ ಆಕರ. ಕಾಡನ್ನು ಕಾಯುವವರು ಅದನ್ನು ಬೇರುಸಹಿತ ಕೀಳುತ್ತಿದ್ದರೆ, ನರ್ಸರಿಯವರು ಅದರ ಹಳದಿ, ನೇರಳೆ ತಳಿಗಳನ್ನು ಕುಂಡದಲ್ಲಿಟ್ಟು ಮಾರುತ್ತಾರೆ. ಕುಂಡದಲ್ಲಿ ಇರಲಿ, ಬೇಲಿಯಲ್ಲಿ ಬೇಡ ಎಂಬುದು ನನ್ನ ಮತ. ಅದಕ್ಕಿಂತ ಹೆಚ್ಚಾಗಿ, ಲಂಟಾನಕ್ಕೆ ಕೊಡುವ ಜಾಗದಲ್ಲಿ ಅರ್ಧವನ್ನು ಈಶ್ವರಿ ಬಳ್ಳಿಗೆ ಕೊಡಬೇಕು. ಹಳ್ಳಿಯ ಮದ್ದಿನವರು ಹಾವಿನ ವಿಷಕ್ಕೆಂದು ಬೇರನ್ನು ಕಿತ್ತು ಕಿತ್ತು ವಿರಳವಾಗಿಸಿದ ಈ ಬಳ್ಳಿಯ ಎಲೆಯೇ ಕ್ರಿಮ್ಸನ್ ರೋಸ್ ಚಿಟ್ಟೆಗೂ, ಘಟ್ಟದಲ್ಲಿ ನಮ್ಮ ರಾಜ್ಯದ ಚಿಟ್ಟೆಯೆನಿಸಿಕೊಂಡ ಸದರ್ನ್ ಬರ್ಡ್‌ವಿಂಗಿಗೂ ಆಹಾರ. ಎಲೆಯ ವಿಷವೇ ಹುಳುವಿನ ಮೈಗೆ ಸೇರಿ ಚಿಟ್ಟೆಗೆ ಕವಚವಾಗುತ್ತದೆ. ಕರಿಬೇವಿನ ಮಾರ್ಮನ್ ಕದ್ದುಡುವುದು ಈ ಕವಚದ ಬಣ್ಣವನ್ನೇ. ಬಾಲ್ಕನಿಯ ಕುಂಡಕ್ಕೆ ಬಳ್ಳಿ ದೊಡ್ಡದಾಯಿತೆನ್ನುವವರು ಕಾಡುಬಸಳೆಯ ಎಲೆಯೊಂದನ್ನು ಮಣ್ಣಿನ ಮೇಲೆ ಒಗೆದರೂ ಸಾಕು. ಅಂಚಿನಿಂದ ಸಸಿಗಳೇಳುತ್ತವೆ, ದಪ್ಪ ಎಲೆಯ ಎರಡು ಪೊರೆಗಳ ನಡುವೆ ಸುರಂಗ ಕೊರೆದುಕೊಂಡು ರೆಡ್ ಪಿಯರೊ ಚಿಟ್ಟೆಯ ಹುಳು ಮೇಯತೊಡಗುತ್ತದೆ, ಎಲೆಯನ್ನು ಬೆಳಕಿಗೆ ಹಿಡಿದರೆ ಅದು ಒಳಗೆ ಸರಿದಾಡುವುದು ಕಾಣುತ್ತದೆ.

ಈಚೆಗೆ ಹವ್ಯಾಸಿಗಳ ಗಮನವು ಹಗಲಿನ ಚಿಟ್ಟೆಗಳಿಂದ ಇರುಳಿನ ಪತಂಗಗಳ ಕಡೆಗೂ ಹೊರಳಿದೆ. ಮಾಳಿಗೆಯ ಮೇಲೆ ಬಿಳಿಯ ಪಂಚೆಯೊಂದನ್ನು ಕಟ್ಟಿ, ಮುಂದೆ ದೀಪವಿಟ್ಟು, ಬಂದು ಕುಳಿತವನ್ನೆಲ್ಲ ಚಿತ್ರ ತೆಗೆಯುತ್ತಾರೆ. ಜುಲೈ ತಿಂಗಳಲ್ಲಿ ಇದಕ್ಕೆಂದೇ ಒಂದು ವಾರವನ್ನು ಹಲವು ದೇಶಗಳವರು ಆಚರಿಸುತ್ತಾರೆ. ನಮ್ಮ ದೇಶದಲ್ಲಿ ಪತಂಗಗಳ ಜಾತಿಗಳು ಚಿಟ್ಟೆಗಳ ಹಲವು ಪಟ್ಟು. ರೇಷ್ಮೆಯದೂ ಅವುಗಳ ಗುಂಪೇ. ಆದರೆ ಪಂಚೆಯ ಮೇಲೆ ಕುಳಿತ ಪತಂಗದ ಚಿತ್ರವು ಹೆಸರನ್ನು ಹೇಳಬಹುದೇ ಹೊರತು ಅದು ಯಾವ ಎಲೆಯಿಂದ ಎದ್ದುಬಂದಿತೆಂಬುದನ್ನು ಹೇಳದು. ಅದಕ್ಕೆ ಬೆಲ್ ಅವರ ಹಾದಿಯೇ ಹಾದಿ: ಹುಳುವನ್ನು ಗಿಡದ ಸಮೇತ ಗುರುತಿಸಿ, ಡಬ್ಬಿಯಲ್ಲಿ ಸಾಕಿ, ದಿನಕ್ಕೊಂದು ಚಿತ್ರ ತೆಗೆದು, ರೆಕ್ಕೆ ಬರುವವರೆಗೆ ಕಾಯುವುದು. ಬನಶಂಕರಿಯ, ಜೆ.ಪಿ. ನಗರದ ಕೆಲವು ಮನೆಗಳಲ್ಲಿ ಈಗ ಅದು ಶುರುವಾಗಿದೆ. ಅಡಿಗೆಮನೆಯ ಕಿಟಕಿಯಲ್ಲಿ, ಮೇಲೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಗಳು, ಪ್ರತಿಯೊಂದರ ಮೇಲೆ ತಾರೀಖು, ಅದರ ಕೆಳಗೆ ಎಲೆಯ ಹೆಸರು.